ಒಗೀಬ್ಯಾಡ, ಬಿಚ್ಚು

ಮೊನ್ನೆ ನೀ ಫೋನ್ ಮಾಡಿ, "ದೊಡ್ಡವ್ವಾ, ಕುರ್ಚಿ ಗಾದಿ ಎಲ್ಲಾ ಹರದಾವು, ಈ ಐತಾರ ಒಗದುಬಿಡ್ತೀನಿ" ಅಂದಿ. ನಾ, "ಛಲೋ ಆತು ಬಿಡವಾ, ಬಿಸಲೂ ಜೋರೈತಿ, ಸಂಜೀತನಾ ಒಣಗತಾವು" ಅಂದೆ. ನೀ ಬಿದ್ದು ಬಿದ್ದು ನಕ್ಕಿ. ಆವಾಗ ತಿಳೀತು ನನಗ, ನೀ ಒಗಿಯಾಕ ಹೊಂಟಿದ್ದು ನೀರಾಗಲ್ಲ, ತಿಪ್ಪಿಗೆ ಅಂತ. ನಮ್ಮ ಮಾತಿನಾಗ ಇದೊಂದು ಫಜೀತಿ. ಅರಿವಿ ತೊಳಿಯೂದಕ್ಕೂ ಒಗಿಯೂದು ಅಂತೀವಿ, ಬ್ಯಾಡಾದ್ದು ಬಿಸಾಡೂದಕ್ಕೂ ಒಗಿಯೂದು ಅಂತೀವಿ. ನನ್ನ ಕಾಲದವರು ಆ ಮಾತು ಕೇಳಿದ ಕೂಡಲೇ ಬಕೀಟ ಹುಡುಕತಿದ್ವಿ. ನಿಮ್ಮ ಕಾಲದವರು ಕಸದ ಗಾಡಿ ಯಾವಾಗ ಬರತೈತಿ ಅಂತ ನೋಡತೀರಿ.

ನಾ ಹೇಳೂದು ಎರಡೂ ಅಲ್ಲ. ಮೊದಲ ಬಿಚ್ಚು.

ಜಮಖಂಡಿ ಪ್ಯಾಟ್ಯಾಗಿನ ಅಂಗಡಿಯವರು ಫೋಮ್, ಅರಿವಿ, ಕೂಲಿ ಅಂತ ಲೆಕ್ಕಾ ಹಾಕಿ ಹೊಸಾ ಸೆಟ್ಟಿನ ಅರ್ಧ ರೇಟು ಹೇಳಿದ್ರಂತ. ಅದಕ್ಕ ನಿನಗ ಹೊಸಾದ ತರೂದು ವಾಸಿ ಅನ್ನಿಸೈತಿ. ಆದ್ರ ಆ ಕುರ್ಚಿಗೋಳು ಎಲ್ಲಿಂದ ಬಂದಾವು ಅಂತ ನೆನಪೈತೇನು? ನಿಮ್ಮ ಅತ್ತಿಯವರ ಬೀಳಗಿ ಕಡೆ ಮನಿವು. ಆಲಮಟ್ಟಿ ಹಿನ್ನೀರು ಬರತೈತಿ ಅಂತ ಊರಿಗೆ ಊರೇ ಎದ್ದು ಪುನರ್ವಸತಿ ಕೇಂದ್ರಕ್ಕ ಹ್ವಾದಾಗ ಬಾಗಿಲ ಚೌಕಟ್ಟು, ತೊಲಿ, ಒಳ್ಳು, ಬೀಸೂಕಲ್ಲಿನ ಜೋಡಿ ಟ್ರ್ಯಾಕ್ಟರಿನಾಗ ಏರಿ ಬಂದ ಸಾಗವಾನಿ ಕುರ್ಚಿ ಅವು. ಕಟಗಿ ಇನ್ನೂ ಗಟ್ಟಿಮುಟ್ಟಾಗಿ ಐತಿ. ಸವದಿದ್ದು ಮ್ಯಾಲಿನ ಅರಿವಿ ಅಷ್ಟ. ಅಂಗಿ ಹರೀತು ಅಂತ ಮನಶಾನ್ನ ಬದಲ ಮಾಡತಾರೇನು?

ನನಗ ಬ್ಲೌಸು, ಪರಕಾರ ಹೊಲದು ಹೊಲದು ಮೂವತ್ತೈದು ವರ್ಷ ಆತು. ಕುರ್ಚಿ ಗಾದಿಗೆ ಕೈ ಹಾಕಿದ್ದು ತಡವಾಗಿ, ಅದೂ ಅಂಜಿಕೋತ. ನನಗ ಅದನ್ನ ಯಾರೂ ಕಲಸಲಿಲ್ಲ. ಕಲಿಸಿದ್ದು ಹಳೇ ಗವಸು. ನಿನಗೂ ಅದ ಕಲಸತೈತಿ. ಹಳೇದನ್ನ ಹೊಲದ ಸಿಂಪಿಗ ಯಾರೋ, ಎಲ್ಲಿದ್ದಾನೋ, ಆದ್ರ ಅವನ ಕೈಯಾಗಿನ ಎಲ್ಲಾ ಲೆಕ್ಕಾನೂ ಆ ಹರಕ ಅರಿವ್ಯಾಗ ಹಂಗ ಕುಂತೈತಿ. ಎಷ್ಟು ಅಳತಿ, ಎಷ್ಟು ಮಾರ್ಜಿನ್, ಯಾವ ಹೊಲಿಗಿ ಮೊದಲ, ಯಾವುದು ಕಡೀಕೆ, ಜಿಪ್ ಎಲ್ಲಿ, ಎಲ್ಲಾ. ಅದನ್ನ ಪರಾ ಪರಾ ಹರದು ತಗದ್ಯೋ, ಪುಸ್ತಕದ ಹಾಳಿ ಹರದು ಒಲಿಗೆ ಹಾಕಿದಂಗ.

ಬಿಚ್ಚೂದಕ್ಕೂ ಒಂದು ಕ್ರಮ ಐತಿ. ಗಾದಿ ಇನ್ನೂ ಕುರ್ಚಿ ಮ್ಯಾಲ ಇದ್ದಾಗನ ಸೀಮೆಸುಣ್ಣ ತಗೊಂಡು "ಮುಂದ", "ಹಿಂದ", "ಮ್ಯಾಲ", "ಕೆಳಗ" ಅಂತ ಬರಿ. ನಗಬ್ಯಾಡ, ಬಿಚ್ಚಿ ಹಾಸಿದ ಮ್ಯಾಲ ನಾಕೂ ಮೂಲಿ ಒಂದ ಥರಾ ಕಾಣತಾವು. ಮೊಬೈಲಿನಾಗ ನಾಕು ಫೋಟೋ ಹೊಡಕೋ. ಆಮ್ಯಾಲ ಬ್ಲೇಡು ಹಿಡದು ನಾಕೈದು ಹೊಲಿಗಿಗೆ ಒಂದರಂಗ ಕೊಯ್ದು ದಾರ ಎಳಿ, ಅರಿವಿಗೆ ಗಾಯ ಆಗಬಾರದು. ಐದೂ ಗಾದಿ ಒಮ್ಮೆಲೇ ಬಿಚ್ಚಬ್ಯಾಡ. ಒಂದು ಬಿಚ್ಚು, ಉಳಿದದ್ದು ಹಂಗ ಇರಲಿ. ಹೊಲಿಯೂ ಮುಂದ "ಈ ಮೂಲ್ಯಾಗ ಏನ ಮಾಡಿದ್ದನಪಾ ಪುಣ್ಯಾತ್ಮ" ಅಂತ ಅನುಮಾನ ಬಂದ್ರ ಬಿಚ್ಚದ ಗಾದಿ ತಿರುವಿ ನೋಡಬಹುದು.

ಬಿಚ್ಚಿದ ತುಂಡು ಬೆಳಕಿಗೆ ಹಿಡಿ. ಎಲ್ಲಿ ಸವದೈತಿ ನೋಡು. ನಿನ್ನ ಮನಿ ಮಂದಿ ಹ್ಯಾಂಗ ಕುಂದರತಾರ ಅನ್ನೂದು ಅಲ್ಲಿ ಬರದಿರತೈತಿ. ಮುಂದಿನ ಅಂಚು ಸವದಿದ್ರ ಯಾರೋ ತುದೀಗೆ ಕುಂತು ಕಾಲ ಜೋಲಾಡಸತಾರ, ಇಲ್ಲಾ ಹುಡುಗೂರು ಅದರ ಮ್ಯಾಲಿಂದ ಜಿಗದಾಡತಾವು. ನಡುವ ತೆಳ್ಳಗಾಗಿದ್ರ ಅದು ಯಜಮಾನರ ಕುರ್ಚಿ. ಅರಿವಿ ಗಟ್ಟಿ ಇದ್ದು ಹೊಲಿಗಿ ಅಷ್ಟ ಬಿಚ್ಚಿಕೊಂಡಿದ್ರ ದಾರ ಕಚ್ಚಾ, ಇಲ್ಲಾ ಮಾರ್ಜಿನ್ ಸಾಲದು. ಮೂಲಿ ಅಷ್ಟ ಒಡದಿದ್ರ ಗವಸು ಬಾಳ ಬಿಗಿ ಇತ್ತು ಅಂತ. ಒಂದ ಕಡೆ ಬಣ್ಣಾ ಹಾರಿದ್ರ ಆ ಕುರ್ಚಿ ಕಿಟಕಿ ಮಗ್ಗಲದಾಗ ಐತಿ, ಹೊಸಾ ಗವಸು ಹೊಲಿಯೂದಕ್ಕಿಂತ ಮೊದಲ ಕುರ್ಚಿ ಈಚಿಗೆ ಸರಸು. ನಮ್ಮ ಮನ್ಯಾಗ ಒಂದು ಗಾದಿ ಬಲಕ್ಕಷ್ಟ ಸವೀತಿತ್ತು. ಯಾಕಂತ ವರ್ಷಗಟ್ಟಲೆ ತಿಳೀಲಿಲ್ಲ. ನಮ್ಮವರು ಅಡಕಿ-ಎಲಿ ಚೀಲ ಬಲಕ್ಕ ಇಟಗೊಂಡು ಎಡಕ್ಕ ಟೀವಿ ನೋಡಾಕ ವಾಲಿ ಕುಂದರತಿದ್ರು, ಚೀಲದ ಜಿಪ್ಪು ಅರಿವಿ ತಿನ್ನತಿತ್ತು!

ಇನ್ನ ಒಳಗಿನ ಸಂಗತಿ. ಗವಸು ಎಷ್ಟ ಚಂದ ಹೊಲದ್ರೂ ಒಳಗ ಜೀವ ಇಲ್ಲದಿದ್ರ ಏನುಪಯೋಗ? ಫೋಮಿನ ಮ್ಯಾಲ ಮುಟಗಿ ಊರಿ ಹತ್ತು ಎಣಿಸಿ ತಗಿ. ಕುಣಿ ತಟ್ಟನೆ ಎದ್ದು ಬಂದ್ರ ಇನ್ನೂ ವರ್ಷಗಟ್ಟಲೆ ನಡೀತೈತಿ. ಹಳದಿ ಆಗೈತಿ ಅಂತ ಒಗೀಬ್ಯಾಡ, ಬೆಳಕು ಗಾಳಿ ತಾಕಿ ಹಳದಿ ಆಗೂದು ಅದರ ಗುಣ. ಬೆರಳಾಗ ತಿಕ್ಕಿದ್ರ ಹಿಟ್ಟಿನಂಗ ಉದರಿದ್ರ ಮಾತ್ರ ಅದರ ಋಣ ತೀರಿತು ಅಂತ ತಿಳಿ.

ಹೊಸಾ ಫೋಮ್ ತರೂದಾದ್ರ ಒಂದು ಗುಟ್ಟು ಹೇಳತೀನಿ, ಅಂಗಡಿಯವರು ಹೇಳಾಂಗಿಲ್ಲ. "32 ಡೆನ್ಸಿಟಿ ಐತ್ರಿ, 40 ಐತ್ರಿ" ಅಂತಾರಲ್ಲ, ಆ ನಂಬರ ಅಂದ್ರ ತೂಕ. ಒಂದು ಘನ ಮೀಟರು ಫೋಮ್ 32 ಕಿಲೋ ತೂಗಿದ್ರ ಅದು 32 ಡೆನ್ಸಿಟಿ. ನಿನ್ನ ಕುರ್ಚಿ ಗಾದಿ 22 ಇಂಚು ಉದ್ದ, 22 ಅಗಲ, 4 ಇಂಚು ದಪ್ಪ ಇದ್ದ್ರ, ಅದು ಖರೇನ 32 ಆಗಿದ್ರ ತಕ್ಕಡ್ಯಾಗ ಸುಮಾರು 1 ಕಿಲೋ ತೂಗಬೇಕು. 23ರದ್ದಾದ್ರ ಮುಕ್ಕಾಲು ಕಿಲೋದ ಒಳಗ ಬರತೈತಿ. ಬಾಜೂ ಕಿರಾಣಿ ಅಂಗಡಿ ತಕ್ಕಡ್ಯಾಗ ಇಟ್ಟು ನೋಡು, ಯಾರ ಮಾತೂ ಕೇಳೂ ಗರಜಿಲ್ಲ. ದಿನಾ ಕುಂದರೂ ಕುರ್ಚಿಗೆ 32ಕ್ಕಿಂತ ಕಡಿಮಿ ತರಬ್ಯಾಡ. ಬೆನ್ನಿಗೆ ಒರಗೂ ದಿಂಬಿಗೆ ಹಗರದ್ದು ನಡೀತೈತಿ, ಭಾರ ಬೀಳೂದು ಕುಂಡಿಯ ಕೆಳಗ, ಬೆನ್ನಿನ ಹಿಂದ ಅಲ್ಲ.

ನಾನು ಹುಡುಗಿ ಇದ್ದಾಗ ಈ ಫೋಮ್ ಗೀಮ್ ಎಲ್ಲಿತ್ತು? ಪಿಂಜಾರರು ಬಿಲ್ಲು ಹೆಗಲಿಗೆ ಹಾಕ್ಕೊಂಡು ಓಣ್ಯಾಗ ಬರತಿದ್ರು. ಗಂಟು ಗಂಟಾದ ಗಾದಿ ಹತ್ತಿ ಹೊರಗ ಸುರಿದ್ರ, ಬಿಲ್ಲಿನ ನಾರಿ "ಟುಂಯ್ ಟುಂಯ್" ಅನಕೋತ ಹತ್ತೀನ್ನ ಮೋಡದಂಗ ಎಬ್ಬಸತಿತ್ತು. ಅಂಗಳದಾಗೆಲ್ಲಾ ಬಿಳೇ ಧೂಳಿ, ನಾವು ಹುಡುಗೂರು ಸೀನಕೋತ ಕುಣೀತಿದ್ವಿ. ಹತ್ತಿ ಗಾದಿಗೆ ಒಂದು ದೊಡ್ಡಸ್ತನ ಇತ್ತು. ವರ್ಷಕ್ಕೊಮ್ಮೆ ಹಿಂಜಿಸಿ ಬಿಸಲಿಗೆ ಹಾಕಿದ್ರ ಮತ್ತ ಹೊಸಾದು. ಫೋಮಿಗೆ ಆ ಮರುಹುಟ್ಟಿಲ್ಲ. ಈಗೂ ಹತ್ತಿ ಗಾದಿ ಮಾಡಿಸಿಕೊಳ್ಳೂ ಮನಸ್ಸಿದ್ರ ನಾ ಬ್ಯಾಡ ಅನ್ನಾಂಗಿಲ್ಲ, ಆದ್ರ ಜಿಪ್ ಗವಸಿನ ಜೋಡಿ ಒಳಗೊಂದು ಕಚ್ಚಾ ಅರಿವಿ ಚೀಲ ಬೇಕು, ಮತ್ತ ಹತ್ತಿ ಜರಗದಂಗ ನಡುನಡುವ ದಬ್ಬಣದಿಂದ ಟಾಕಿ ಹಾಕಬೇಕು.

ಫೋಮಿಗೆ ಹೊಳಿ ನೀರು ಹೊಕ್ಕ್ರ ಏನಾಗತೈತಿ ಅಂತಾನೂ ಹೇಳತೀನಿ. 2019ರ ಆಗಸ್ಟಿನಾಗ ಘಟಪ್ರಭಾ ಹೊಳಿ ಮುಧೋಳದಾಗ ಹೊಕ್ಕಿತಲ್ಲ, ಆವಾಗ ನಮ್ಮ ನೆಗೆಣ್ಣಿ ಮನ್ಯಾಗ ತೊಡಿಮಟ ನೀರು. ನೀರಿಳದ ಮ್ಯಾಲ ಸೋಫಾದ ಗಾದಿ ಎಲ್ಲಾ ಮಾಳಿಗಿ ಮ್ಯಾಲ ಬಿಸಲಿಗೆ ಹಾಕಿ, ವಾರದ ಮ್ಯಾಲ ಹೊಸಾ ಗವಸು ಹೊಲಿಸಿ ಹಾಕಿದಳು. ಹದಿನೈದು ದಿನಕ್ಕ ಮನಿ ತುಂಬ ಗಟಾರದ ವಾಸನಿ. ಹೊಳಿ ನೀರು ಅಂದ್ರ ಬರೇ ನೀರಲ್ಲ, ಊರಾಗಿನ ಕೊಚ್ಚೆಲ್ಲಾ ಅದರಾಗ ಇರತೈತಿ, ಫೋಮು ಅದನ್ನ ಹೊಟ್ಟ್ಯಾಗ ಇಟಗೊಂಡು ಕುಂದರತೈತಿ. ಅಂಥಾ ಫೋಮ್ ಮಾತ್ರ ಒಗಿ, ತಿಪ್ಪಿಗೇ ಒಗಿ. ಹತ್ತಿ ಗವಸು ಇದ್ರ ಕುದಿಯೂ ನೀರಾಗ ಹಾಕಿ ಉಳಿಸಿಕೋಬಹುದು.

ಈಗ ಅರಿವಿ. ಇದರ ಬಗ್ಗೆ ನಾ ಸ್ವಲ್ಪ ಜಾಸ್ತಿ ಮಾತಾಡತೀನಿ, ತಡಕೋ. ಬನಹಟ್ಟಿ ಸೊಸಿ ನಾ, ಅರಿವಿ ಬಗ್ಗೆ ಮಾತಾಡಲಿಲ್ಲಂದ್ರ ಅನ್ನ ಅರಗೂದಿಲ್ಲ.

ರಬಕವಿ-ಬನಹಟ್ಟಿ ಅಂದ್ರ ಮಗ್ಗದ ಊರು. ನಸುಕಿನಾಗ ಎದ್ದ್ರ ಕೋಳಿ ಕೂಗೂದಕ್ಕಿಂತ ಮೊದಲ ಪಾವರ್‌ಲೂಮಿನ ಖಟಖಟ ಕೇಳತೈತಿ. ಕರೆಂಟ್ ಹ್ವಾದ್ರ ಊರಿಗೆ ಊರೇ ಉಸರ ಹಿಡದಂಗ ಆಗತೈತಿ. "ದೊಡ್ಡವ್ವನ ಊರಾಗ ಇಷ್ಟು ಅರಿವಿ ನೇಯ್ತಾರ, ಅಲ್ಲಿಂದ ನಾಕು ಸೀರಿ ತಂದು ಗವಸು ಹೊಲದ್ರಾತು" ಅಂತ ನೀ ಅಂದುಕೊಂಡಿದ್ದ್ರ, ತಪ್ಪು. ಸೀರಿ ಅರಿವಿ ಮೈಮ್ಯಾಲ ಇರಾಕ ಹುಟ್ಟಿದ್ದು, ಮೈಯ ಕೆಳಗ ಇರಾಕ ಅಲ್ಲ. ಎಂಬತ್ತು ಕಿಲೋ ಮನಶಾ ಕುಂತು, ಎದ್ದು, ಜಾರಿ, ಹೊಳ್ಳಿ ಕುಂತ್ರ ಸೀರಿ ನೂಲು ಆರು ತಿಂಗಳು ತಡಿಯಾಂಗಿಲ್ಲ.

ಗುಳೇದಗುಡ್ಡ ಖಣದ ಮ್ಯಾಲ ಈಗಿನ ಹುಡಿಗ್ಯಾರಿಗೆ ಬಾಳ ಪ್ರೀತಿ. ಪರ್ಸಿಗೂ ಖಣ, ಕಿವಿಯೋಲಿಗೂ ಖಣ. ಚಂದ ಕಾಣತೈತಿ, ನಾ ಇಲ್ಲನ್ನೂದಿಲ್ಲ. ಆದ್ರ ಕುಂದರೂ ಗಾದಿಗೆ ಖಣ ಹಾಕಬ್ಯಾಡ. ಒಂದನೇ ಕಾರಣ, ಅದರ ಪನ್ನಾ ಸಣ್ಣದು, ಮೂಲತಃ ಕುಪ್ಪಸದ ಅಳತಿಗೆ ನೇಯ್ದಿದ್ದು, ಗಾದಿಗೆ ಜೋಡಿ ಹೊಲಿಗಿ ಹಾಕಬೇಕಾಗತೈತಿ. ಎರಡನೇದು, ಬುಟ್ಟಾದ ಎಳಿಗಳು ಮ್ಯಾಲೆದ್ದಿರತಾವು, ಬಳಿ, ಉಗುರು, ಪ್ಯಾಂಟಿನ ಗುಂಡಿ ತಾಕಿದ್ರ ಎಳೀತಾವು. ಮೂರನೇದು ಬರೇ ನನ್ನ ಮನಸ್ಸಿನ ಮಾತು. ಅವ್ವನ ಗುಡಿಗೆ, ಮನಿ ಮಗಳಿಗೆ ಉಡಿ ತುಂಬಾಕ ಕೊಡೂ ಖಣದ ಮ್ಯಾಲ ಕುಂದರೂದು ನನಗ ಒಗ್ಗೂದಿಲ್ಲ. ಒರಗೂ ದಿಂಬಿನ ಮುಂಭಾಗಕ್ಕ ಹಾಕು, ಇಲ್ಲಾ ಪೈಪಿಂಗ್ ಮಾಡು. ಬೆನ್ನಿಗೆ ಆದ್ರ ಅಡ್ಡಿಯಿಲ್ಲ, ಅದು ಕುಪ್ಪಸದ ಜಾಗಾನ ಅಲ್ಲೇನು?

ನಿಮ್ಮವ್ವನ ಹಳೇ ಇಳಕಲ್ಲ ಸೀರಿ ಟ್ರಂಕಿನಾಗ ಅದಾವು ಅಂದಿದ್ದಿ. ಒಡಲು ಜಾಳಾಗಿರತೈತಿ, ದಡಿ ಇನ್ನೂ ಗಟ್ಟಿ ಇರತೈತಿ. ಗೋಮಿ ದಡಿ ಇರಲಿ, ಪರಾಸ ದಡಿ ಇರಲಿ, ಅದನ್ನ ಬಿಡಿಸಿಕೊಂಡು ಗಾದಿಯ ಮುಂದಿನ ಪಟ್ಟಿಗೆ ಹಚ್ಚು, ಕುರ್ಚಿಗೆ ಮದವಿ ಕಳೆ ಬರತೈತಿ. ಜಾಳಾದ ಒಡಲಿನಾಗ ಒಳಗವಸು ಹೊಲಿ. ಅದೂ ಮಿಕ್ಕಿದ್ರ ಕೌದಿಗೆ ಇಡು. ಕೌದಿ ಅನ್ನೂದು ಜಾಳು ಅರಿವಿಗೆ ಮುಕ್ತಿ ಕೊಡೂ ವಿದ್ಯಾ. ಪದರಿನ ಮ್ಯಾಲ ಪದರು ಹಾಸಿ ಸಾಲು ಹೊಲಿಗಿ ಹಾಕಿದ್ರ ನಾಕು ದುರ್ಬಲ ಅರಿವಿ ಕೂಡಿ ಒಂದು ಗಟ್ಟಿ ಅರಿವಿ ಆಗತೈತಿ. ಆಚೆ ಹಳಿಯಾಳ, ಯಲ್ಲಾಪುರ ಕಡೆ ಸಿದ್ದಿ ಹೆಣ್ಣಮಕ್ಕಳೂ ತಮ್ಮದೇ ಚಂದದ ಕೌದಿ ಹೊಲೀತಾರ. ಸಣ್ಣ ಸ್ಟೂಲಿಗೆ, ಮಣಿಗೆ ನಾ ಎರಡು ಕೌದಿ ಗವಸು ಹೊಲದೀನಿ. ಅವು ಮಾತ್ರ ಜಗ್ಗಾಂಗಿಲ್ಲ, ಹರಿಯಾಂಗಿಲ್ಲ. ಆದ್ರ ಕೈಯಿಂದನ ಹೊಲೀಬೇಕು, ತಿಂಗಳು ಹಿಡೀತೈತಿ.

ಹಂಗಾದ್ರ ಯಾವ ಅರಿವಿ? ದಪ್ಪ ಹತ್ತಿ. ಪಡದೆ ಅರಿವಿ, ಕೇಸ್‌ಮೆಂಟ್, ಹಳೇ ಜೀನ್ಸ್ ಪ್ಯಾಂಟ್, ಕೈಮಗ್ಗದ ಚಾದರ. 1975ರಾಗ ಶುರುವಾದ ನಮ್ಮ ಕೈಮಗ್ಗ ಅಭಿವೃದ್ಧಿ ನಿಗಮದವರ ಪ್ರಿಯದರ್ಶಿನಿ ಅಂಗಡಿಗೆ ಹುಬ್ಬಳ್ಳಿ ಕಡೆ ಹ್ವಾದಾಗ ಹೋಗಿ ಒಂದು ಡಬಲ್ ಚಾದರ ಮುಟ್ಟಿ ನೋಡು. 90-100 ಇಂಚಿನ ಒಂದು ಚಾದರದಾಗ ನಿನ್ನ ಅಳತಿಯ 4 ಗಾದಿ ಕುಂದರತಾವು. ನವಲಗುಂದ ಜಮಖಾನಾ ಕತ್ತರಿಸಿ ಹೊಲೀತೀನಿ ಅಂತ ಒಬ್ಬಾಕಿ ನನ್ನ ಮುಂದ ಅಂದಳು. ಜಮಖಾನಾ ಹಾಸೂ ವಸ್ತು, ಅದಕ್ಕ ಕತ್ರಿ ಹಚ್ಚೂದು ಪಾಪ, ಮನಿ ಮಶೀನಿನ ಸೂಜೀನೂ ಉಳಿಯಾಂಗಿಲ್ಲ. ಬಣ್ಣಾ ಆರಸೂ ಮುಂದ ನಮ್ಮ ಎರಿಮಣ್ಣಿನ ಧೂಳಿ ನೆನಪಿಟಗೋ. ಕಬ್ಬಿನ ಹಂಗಾಮಿನ್ಯಾಗ ಮುಧೋಳ, ಮಹಾಲಿಂಗಪುರ ಹಾದಿಗುಂಟ ಟ್ರ್ಯಾಕ್ಟರ್ ಸಾಲು ಹೊಂಟಿತು ಅಂದ್ರ ಬಿಳೇ ಗವಸು ಮೂರ ದಿನಕ್ಕ ಬೂದಿ ಬಣ್ಣ.

ಅರಿವಿ ತಂದ ದಿನಾನ ಕತ್ರಿ ತಗೀಬ್ಯಾಡ. ರಾತ್ರಿ ನೀರಾಗ ನೆನಿ ಇಡು, ಮುಂಜಾನಿ ಹಿಂಡಿ ಒಣಗಿಸಿ ಇಸ್ತ್ರಿ ಮಾಡು. ಇದು ನಾ ಬಾಯಿಂದ ಹೇಳೂದಲ್ಲ, ಸುಟ್ಟಗೊಂಡ ಕೈಯಿಂದ ಹೇಳೂದು. ಮೊದಲನೇ ಸಲ ಹೊಲದಾಗ ನನಗ ಅವಸರ, ಬನಹಟ್ಟಿ ಕಾಡಸಿದ್ಧೇಶ್ವರ ಜಾತ್ರಿಗೆ ಬೀಗರು ಬರಾವರಿದ್ರು. ಹೊಸಾ ಅರಿವಿ ಹಂಗ ಕತ್ತರಿಸಿ ಹೊಲದು ಹಾಕಿದೆ, ಎಲ್ಲಾರೂ ಹೊಗಳಿದ್ರು. ಜಾತ್ರಿ ಮುಗದ ಮ್ಯಾಲ ಒಗದೆ. ಒಣಗಿ ಬಂದಾಗ ಗವಸು ಒಂದು ಇಂಚು ಗಿಡ್ಡ, ಫೋಮು ಒಳಗ ಹೋಗವಲ್ದು. ನಾ ಮೊಣಕಾಲ ಊರಿ ತುರುಕಿದೆ, ನಮ್ಮವರು ಆ ಕಡಿಂದ ಎಳದ್ರು, ಜಿಪ್ಪು "ಪಟ್" ಅಂತು. ಆ ಐದು ಗವಸು ಮೊಮ್ಮಕ್ಕಳ ಪಾಟೀಚೀಲ ಆದವು. ನಮ್ಮವರು ಮಾತ್ರ, "ನೇಯೂ ಮನ್ಯಾಗಿದ್ದು ನೂಲು ಕುಗ್ಗತೈತಿ ಅಂತ ತಿಳೀಲಿಲ್ಲ ನಿನಗ" ಅಂತ ಇವತ್ತಿಗೂ ಚಾಷ್ಟಿ ಮಾಡತಾರ.

ಹಾಸು ಯಾವುದು, ಹೊಕ್ಕು ಯಾವುದು ಅಂತ ನೋಡಿಕೋ. ಅರಿವಿಯ ಅಂಚು ಯಾವ ಕಡೆ ಹೋಗತೈತೋ ಅದು ಹಾಸು. ಎರಡೂ ಕೈಯಾಗ ಹಿಡದು ಜಗ್ಗಿದ್ರ ಹಾಸು ಬಗ್ಗೂದಿಲ್ಲ, ಹೊಕ್ಕು ಸ್ವಲ್ಪ ಬಿಡತೈತಿ. ಮಗ್ಗದ ಮ್ಯಾಲ ಬಿಗದು ಕಟ್ಟಿಸಿಕೊಂಡು ಪೆಟ್ಟು ತಿಂದಿದ್ದು ಹಾಸಿನ ನೂಲು, ಅದಕ್ಕ ತಾಳಿಕಿ ಜಾಸ್ತಿ. ಗಾದ್ಯಾಗ ಹಾಸು ಮುಂದಿಂದ ಹಿಂದಕ್ಕ ಬರಬೇಕು, ಯಾಕಂದ್ರ ನಾವು ಕುಂದರೂ ಮುಂದ ಜಾರೂದು ಆ ಕಡೆ. ಐದೂ ಗಾದಿಗೆ ಒಂದ ದಿಕ್ಕು ಇರಲಿ. ಪಟ್ಟಿ ಪಟ್ಟಿ ಇರೂ ಅರಿವಿ ಆದ್ರಂತೂ ಕಣ್ಣ ಬಿಟ್ಟು ನೋಡು, ಒಂದ ಕುರ್ಚ್ಯಾಗ ಉದ್ದ ಪಟ್ಟಿ, ಮತ್ತೊಂದರಾಗ ಅಡ್ಡ ಪಟ್ಟಿ ಆದ್ರ ಬಂದಾವರೆಲ್ಲಾ ಕುತ್ತಗಿ ತಿರುವಿ ತಿರುವಿ ನೋಡತಾರ.

ಲೆಕ್ಕ ಹೇಳತೀನಿ, ಬರಕೋ. ಮ್ಯಾಲೊಂದು ಕೆಳಗೊಂದು 23 ಇಂಚಿನ ಚೌಕ, ಅಂದ್ರ 22ಕ್ಕ ನಾಕೂ ಕಡೆ ಅರ್ಧರ್ಧ ಇಂಚು ಮಾರ್ಜಿನ್. ಸುತ್ತಿನ ಪಟ್ಟಿ 5 ಇಂಚು ಅಗಲ, 64 ಇಂಚು ಉದ್ದ. ಹಿಂದಿನ ಜಿಪ್ಪಿನ ಪಟ್ಟಿ ಎರಡು ಹೋಳು, ಒಂದೊಂದು 3 ಇಂಚು ಅಗಲ, 28 ಉದ್ದ. ಯಾಕ 28 ಅಂದ್ರ, ಜಿಪ್ಪು ಹಿಂದಿನ ಬದಿಗಷ್ಟ ನಿಲ್ಲಬಾರದು, ಎರಡೂ ಮಗ್ಗಲಿಗೆ ಎರಡೆರಡು ಇಂಚು ಹೊಳ್ಳಿ ಬರಬೇಕು, ಉಳದ ಎರಡು ಇಂಚು ಎರಡೂ ತುದಿಯ ಜೋಡಣಿ ಮಾರ್ಜಿನ್ನಿಗೆ. ಬಾಯಿ ದೊಡ್ಡದಿದ್ರ ಫೋಮು ತಂಟೆ ಇಲ್ಲದ ಒಳಗ ಹೋಗತೈತಿ. 54 ಇಂಚು ಪನ್ನಾದ ಅರಿವಿ ಆದ್ರ ಒಂದು ಗಾದಿಗೆ 1 ಮೀಟರು ಸಾಕು, ಪೈಪಿಂಗಿಗೂ ಮಿಗತೈತಿ. 36 ಇಂಚು ಪನ್ನಾ ಆದ್ರ ಒಂದೂವರಿ ಮೀಟರು ಬೇಕು. ಇದು ನನ್ನ ಲೆಕ್ಕಾ. ನಿನ್ನ ಗವಸು ಬಿಚ್ಚಿದಾಗ ಬೇರೆ ಅಳತಿ ಬಂದ್ರ ಅದನ್ನ ನಂಬು, ನನ್ನನ್ನಲ್ಲ. ಅಂಗಡಿಯವರು ಅರ್ಧ ಇಂಚು ಬಿಗಿ ಇಟ್ಟಿರತಾರ, ಅದಕ್ಕ ಗಾದಿ ಉಬ್ಬಿ ಕಾಣತೈತಿ. ಸಡ್ಲ ಗವಸು ಎರಡು ದಿನಕ್ಕ ಮುದುಕರ ಮಖದಂಗ ನಿರಿಗಿ ಬೀಳತೈತಿ. ಆದ್ರ ಮೂಲಿ ಒಡದ ಹಳೇ ಗವಸಿನ ಪಾಠಾನೂ ಮರೀಬ್ಯಾಡ. ಅರ್ಧ ಇಂಚು ಸಾಕು, ಒಂದು ಇಂಚು ಬ್ಯಾಡ.

ಮಶೀನಿಗೆ ಕುಂದರೂ ಮೊದಲ ಸೂಜಿ ಬದಲ ಮಾಡು. ಬ್ಲೌಸು ಹೊಲಿಯೂ ಸೂಜಿ ದಪ್ಪ ಅರಿವ್ಯಾಗ ಬಾಗಿ ಮುರದು ಕಣ್ಣಿಗೆ ಸಿಡೀತೈತಿ. 16 ನಂಬರ ಹಾಕು, ಜೀನ್ಸಿನ ಅರಿವಿಗೆ 18. ದಾರ ಪಾಲಿಯೆಸ್ಟರ್ ಇರಲಿ. ಹೊಲಿಗಿ ಬಾಳ ಸಣ್ಣದೂ ಬ್ಯಾಡ, ಸಣ್ಣ ಹೊಲಿಗಿ ದಪ್ಪ ಅರಿವಿಗೆ ತೂತು ತೂತು ಮಾಡಿ ಪೋಸ್ಟಿನ ಚೀಟಿಯಂಗ ಹರಿಯೂಹಂಗ ಮಾಡತೈತಿ. ಮೊದಲ ಜಿಪ್ಪು ಹಚ್ಚಿ ಮುಗಸು, ಆಮ್ಯಾಲ ಪಟ್ಟಿ ಜೋಡಿಸಿ ಉಂಗುರ ಮಾಡು, ಆಮ್ಯಾಲ ಮ್ಯಾಲಿನ ಚೌಕ, ಕಡೀಕೆ ಕೆಳಗಿನದು. ಕಡೀ ಚೌಕ ಹೊಲಿಯೂ ಮುಂದ ಜಿಪ್ಪು ಅರ್ಧ ತಗದಿಟಗೋ. ಇಲ್ಲಂದ್ರ ಒಳಮಗ್ಗಲ ಹೊರಗಾಗಿ, ಬಾಯಿ ಮುಚ್ಚಿ, ತಿರುವಾಕ ಬರದಂಗ ಕುಂದರತೈತಿ. ಆ ಹೊತ್ತಿಗೆ ರಾತ್ರಿ ಹನ್ನೊಂದು ಆಗಿರತೈತಿ, ಕಣ್ಣಾಗ ನೀರು ಬರತಾವು. ನನಗೂ ಬಂದಿದ್ದವು.

ಮೂಲಿ ಅಂದ್ರ ಎಲ್ಲಾರಿಗೂ ಅಂಜಿಕಿ. ಅಂಜೂದೇನಿಲ್ಲ. ಪಟ್ಟಿ ಮೂಲಿಗೆ ಬಂದಾಗ ಅದರ ಮಾರ್ಜಿನ್ನಿಗೆ ಮೂರು ಸಣ್ಣ ಕಚ್ಚು ಹಾಕು, ಅದು ತಾನ ಬಾಗತೈತಿ. ಸೂಜಿ ಅರಿವ್ಯಾಗ ಊರಿ ನಿಂತಾಗನ ಮಶೀನಿನ ಕಾಲು ಎತ್ತಿ ಅರಿವಿ ಹೊಳ್ಳಿಸು. ದಪ್ಪ ಬಂದಲ್ಲಿ ಪೆಡಲ್ ತುಳೀಬ್ಯಾಡ, ಗಾಲಿ ಕೈಯಿಂದ ತಿರುವು. ಮೂಲಿ ಮ್ಯಾಲ ಎರಡು ಸಲ ಹೊಲಿಗಿ ಓಡಿಸು. ಇಳಕಲ್ಲ ಕಡೆ ಸೀರಿ ನೇಯಾವರು ಹತ್ತಿ ಒಡಲಿನ ಹಾಸಿಗೆ ಸೆರಗಿನ ಹಾಸು ಎಳಿಗೆ ಎಳಿ ಕೊಂಡಿ ಹಾಕಿ ಸೇರಸತಾರ. ಎಷ್ಟು ಜಗ್ಗಿದ್ರೂ ಆ ಜೋಡಣಿ ಬಿಡೂದಿಲ್ಲ. ಅಂಥಾ ಮಂದಿ ನಡುವ ಇದ್ದು ಎರಡು ಚೌಕ ಒಂದು ಪಟ್ಟಿ ಸೇರಸಾಕ ನೀ ಯಾಕ ಅಂಜಬೇಕು? ಹನ್ನೆರಡನೇ ಶತಮಾನದಾಗ ಸೂಜಿಕಾಯಕದ ರಾಮಿತಂದೆ ಅಂತ ಒಬ್ಬ ಶರಣ ಇದ್ದ, ಸೂಜೀನ್ನ ಹೆಸರಿನಾಗನ ಇಟಗೊಂಡವ. ನಮ್ಮವರು "ನೇಕಾರ್ತಿಗೆ ಸಿಂಪಿಗ್ಯಾರ ಕೆಲಸ ಯಾಕ" ಅಂದಾಗೆಲ್ಲಾ ನಾ ಆ ಹೆಸರು ಹೇಳಿ ಬಾಯಿ ಮುಚ್ಚಸತೀನಿ.

ಪೈಪಿಂಗ್ ಬೇಕ ಬೇಕು ಅಂತಿಲ್ಲ. ಹಾಕಿದ್ರ ಅಂಚು ಬಾಳಿಕಿ ಬರತೈತಿ, ನೋಡಾಕೂ ಅಂಗಡಿದರಂಗ ಕಾಣತೈತಿ. ಹಾಕೂದಾದ್ರ ಅರಿವಿ ಓರೆಯಾಗಿ ಕತ್ತರಿಸು, ನೆಟ್ಟಗ ಕತ್ತರಿಸಿದ ಪಟ್ಟಿ ಮೂಲ್ಯಾಗ ಸೆಟಗೊಂಡು ಕುಂದರತೈತಿ. ಗಾದಿ ಜಾರತೈತಿ ಅಂದ್ರ ಹಿಂದಿನ ಎರಡು ಮೂಲ್ಯಾಗ ಹೊಲಿಗಿ ಒಳಗ ಸೇರಿಸಿ ಕಸಿ ಹಚ್ಚು, ಕುರ್ಚಿ ಬೆನ್ನಿಗೆ ಕಟ್ಟು. ವೆಲ್ಕ್ರೋ ಹಚ್ಚಬ್ಯಾಡ, ಅದು ಸೀರಿ ನಿರಿಗಿ ಹಿಡದು ಜಗ್ಗತೈತಿ, ಬೀಗರ ಮುಂದ ಮಾನ ಹೋಗತೈತಿ.

ಫೋಮು ತುಂಬೂ ಮುಂದ ಒಂದು ಉಪಾಯ. ಫೋಮಿಗೆ ದೊಡ್ಡ ಪ್ಲಾಸ್ಟಿಕ್ ಚೀಲ ತೊಡಸಿ ಗವಸಿನ ಒಳಗ ನೂಕು, ಎಣ್ಣಿ ಹಚ್ಚಿದಂಗ ಜಾರಿ ಹೋಗತೈತಿ. ಮೂಲಿ ಮೂಲಿಗೆ ಕುಂತ ಮ್ಯಾಲ ಚೀಲ ಎಳದು ತಗಿ, ಒಳಗ ಬಿಡಬ್ಯಾಡ, ಬ್ಯಾಸಗ್ಯಾಗ ಬೆವರು ನಿಲ್ಲತೈತಿ. ಒಳಗವಸು ಹೊಲದಿದ್ರ ಈ ಉಪಾಯನೂ ಬ್ಯಾಡ, ನಿಮ್ಮವ್ವನ ಸೀರಿ ಒಡಲ ಅದನ್ನ ಜಾರಸಿಕೊಂಡು ಹೋಗತೈತಿ.

ಮುಗದ ಮ್ಯಾಲ ತಿಂಗಳಿಗೊಮ್ಮೆ ಗಾದಿ ತಿರುವಿ ಹಾಕು, ಕುರ್ಚಿಯಿಂದ ಕುರ್ಚಿಗೆ ಜಾಗಾ ಬದಲಸು. ಯಜಮಾನರ ಕುರ್ಚಿ ಒಂದ ಯಾಕ ಸವೀಬೇಕು? ಒಂದು ಜೋಡಿ ಹೆಚ್ಚಿಗೆ ಹೊಲದಿಟ್ಟ್ರ ಒಗದಾಗ ಬರೇ ಫೋಮು ಮಂದಿ ಕಣ್ಣಿಗೆ ಬೀಳಾಂಗಿಲ್ಲ.

ಮೊದಲ ಗವಸು ನಿನಗ ನಾಕು ದಿನ ಹಿಡೀತೈತಿ, ಎರಡನೇದು ಒಂದು ದಿನ, ಐದನೇದು ಒಂದು ಮಧ್ಯಾಹ್ನ. ಮೊದಲನೇದು ಸೊಟ್ಟ ಆಗತೈತಿ, ಆಗಲಿ. ಅದನ್ನ ಮೂಲ್ಯಾಗಿನ ಕುರ್ಚಿಗೆ ಹಾಕು. ಯಾರಿಗೂ ಹೇಳಬ್ಯಾಡ, ಯಾರೂ ನೋಡೂದಿಲ್ಲ. ನೋಡೂದು ನೀ ಒಬ್ಬಾಕಿ.

ಒಬ್ಬಾಕಿಗೆ ಆಗೂದಿಲ್ಲ ಅನ್ನಿಸಿದ್ರ ಬರೂ ಐತಾರ ಬನಹಟ್ಟಿಗೆ ಬಾ, ಬಸ್ಸೇನು ಈಗ ಹೆಣ್ಣಮಕ್ಕಳಿಗೆ ಪುಕ್ಕಟೆ ಐತಿ. ನನ್ನ ಮಶೀನಿಗೆ ಎಣ್ಣಿ ಬಿಟ್ಟಿಟ್ಟೀನಿ, 16 ನಂಬರ ಸೂಜೀನೂ ಐತಿ. ಗಾದಿ, ಫೋಮು, ಹೊಸಾ ಅರಿವಿ ಏನೂ ಹೊತಗೊಂಡು ಬರಬ್ಯಾಡ. ಬಿಚ್ಚಿದ ಆ ಒಂದು ಹಳೇ ಗವಸು ಅಷ್ಟ ಮಡಚಿ ಚೀಲದಾಗ ಹಾಕ್ಕೊಂಡು ಬಾ. ಬರೂ ಮುಂದ ಒಗದು ತಾ ಮತ್ತ, ನೀರಾಗ.